ಬಿ.ಎ. ಅರ್ಥಶಾಸ್ತ್ರ: ಗಣಿತದ ಭಯ, ಇಂಗ್ಲಿಷ್ ಪುಸ್ತಕ, ಕಬ್ಬಿನ ಬೆಲೆ

ಈ ವಾರ ನಮ್ಮ ಗುಂಪಿನಲ್ಲಿ ಮೈಸೂರಿನ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ಮೇಡಂ ಉತ್ತರ ಕೊಡುತ್ತಿದ್ದಾರೆ. ಪಿಯುಸಿ ಮುಗಿಸಿದವರು, ಈಗಾಗಲೇ ಬಿ.ಎ. ಸೇರಿದವರು, ಪೋಷಕರು ಯಾರು ಬೇಕಾದರೂ ಕೇಳಬಹುದು.

ಪ್ರಶ್ನೆ (ಮಳವಳ್ಳಿ, ದ್ವಿತೀಯ ಪಿಯುಸಿ ಮುಗಿಸಿದ ವಿದ್ಯಾರ್ಥಿನಿ): ನಮಸ್ತೆ ಮೇಡಂ. ನಾನು ಕಲಾ ವಿಭಾಗ. ಎಸ್ಸೆಸ್ಸೆಲ್ಸಿ ಆದಮೇಲೆ ಗಣಿತ ಮುಟ್ಟಿಲ್ಲ. ಮೈಸೂರಲ್ಲಿ ಬಿ.ಎ. ಅರ್ಥಶಾಸ್ತ್ರ ಸೇರಬೇಕು ಅಂತ ಆಸೆ. ಗಣಿತ ಇಲ್ಲದೆ ಆಗುತ್ತಾ?

ಉತ್ತರ: ಧಾರಾಳವಾಗಿ ಸೇರಮ್ಮ. ಆದರೆ "ಬಿ.ಎ.ಗೆ ಗಣಿತ ಏನೂ ಬೇಡ" ಅಂತ ಸೀನಿಯರ್‌ಗಳು ಹೇಳಿದ್ದನ್ನ ಪೂರ್ತಿ ನಂಬಬೇಡ. ನಮ್ಮ ಕಡೆಯ ಬಹಳಷ್ಟು ಕಾಲೇಜುಗಳಲ್ಲಿ ಸೇರೋದಕ್ಕೆ ಬೇಡ, ಪಾಸಾಗೋದಕ್ಕೂ ಹೆಚ್ಚು ಬೇಡ. ವಿಷಯ ತಲೆಗೆ ಹತ್ತಬೇಕು ಅಂದರೆ ಬೇಕು. ಶೇಕಡಾವಾರು, ಸರಾಸರಿ, ಸರಳರೇಖೆಯ ಸಮೀಕರಣ, ಗ್ರಾಫ್ ಓದೋದು, ಆಮೇಲೆ ಸ್ವಲ್ಪ ಕಲನಶಾಸ್ತ್ರ (ಕ್ಯಾಲ್ಕುಲಸ್). ಕೊನೆಯದೊಂದನ್ನ ಬಿಟ್ಟರೆ ಮಿಕ್ಕಿದ್ದೆಲ್ಲ ನೀನು ಹತ್ತನೇ ತರಗತಿಯೊಳಗೇ ಮಾಡಿದ್ದೀಯ.

ಕಲನಶಾಸ್ತ್ರ ಅಂದ ಕೂಡಲೇ ಗಾಬರಿ ಬೇಡ, ಒಂದು ಹಾಳೆ ತಗೊಂಡು ಇದನ್ನ ಮಾಡು. ದಸರಾ ವಸ್ತುಪ್ರದರ್ಶನದಲ್ಲಿ ಒಬ್ಬರು ಬೊಂಬೆ ಮಾರುತ್ತಿದ್ದಾರೆ ಅಂದ್ಕೋ. ಬೆಲೆ 100 ರೂಪಾಯಿ ಹೇಳಿದರೆ ಒಂದೂ ಹೋಗಲ್ಲ. 2 ರೂಪಾಯಿ ಇಳಿಸಿದ ಹಾಗೆಲ್ಲ ಒಂದೊಂದು ಬೊಂಬೆ ಹೆಚ್ಚಿಗೆ ಹೋಗುತ್ತೆ. 24 ಬೊಂಬೆ ಹೋಗಬೇಕಾದರೆ ಬೆಲೆ 52, ಗಲ್ಲಾಪೆಟ್ಟಿಗೆಗೆ ಬಿದ್ದದ್ದು 1,248. 25 ಹೋಗಬೇಕಾದರೆ ಬೆಲೆ 50, ಬಂದದ್ದು 1,250. 26ಕ್ಕೆ ಬೆಲೆ 48, ಮತ್ತೆ 1,248. ಈಗ ಯೋಚನೆ ಮಾಡು: 25ನೇ ಬೊಂಬೆ 50 ರೂಪಾಯಿಗೆ ಹೋಯ್ತು, ಆದರೆ ಒಟ್ಟು ಗಳಿಕೆ ಹೆಚ್ಚಾದದ್ದು 2 ರೂಪಾಯಿ ಮಾತ್ರ. ಮಿಕ್ಕ 48 ಎಲ್ಲಿ ಹೋಯ್ತು? ಆ ಒಂದನ್ನ ಮಾರೋಕೆ ಉಳಿದ 24ಕ್ಕೂ ತಲಾ 2 ರೂಪಾಯಿ ಬಿಡಬೇಕಾಯ್ತು. 24 ಎರಡಲ 48. ಪುಸ್ತಕದಲ್ಲಿ ಸೀಮಾಂತ ಆದಾಯ ಅಂತ ಬರುತ್ತಲ್ಲ, ಅದು ಒಂದು ಹೆಚ್ಚಿಗೆ ಮಾರಿದ್ದಕ್ಕೆ ಒಟ್ಟಿಗೆ ಸೇರಿದ ಆ 2 ರೂಪಾಯಿಯೇ. ಹೀಗೆ ಒಂದೊಂದೇ ಸಾಲು ಹಾಕದೆ ಒಂದೇ ಏಟಿಗೆ ಉತ್ತರ ತೆಗೆಯೋ ವಿಧಾನಕ್ಕೆ ಅವಕಲನ ಅಂತಾರೆ. ಲೆಕ್ಕ ಮೊದಲು ಕೈಗೆ ಹತ್ತಲಿ, ಸೂತ್ರ ಆಮೇಲೆ ಬರಲಿ.

ಕಾಲೇಜು ಶುರುವಾಗೋಕೆ ಮುಂಚೆ ಪ್ರಥಮ ಪಿಯುಸಿ ಗಣಿತ ಪುಸ್ತಕ ಯಾರ ಹತ್ತಿರವಾದರೂ ಇಸ್ಕೋ. ಮಿತಿ ಮತ್ತು ಅವಕಲನದ ಅಧ್ಯಾಯ ಒಂದನ್ನೇ ನಿಧಾನಕ್ಕೆ ಮಾಡು. ಅಷ್ಟು ಬಂದರೆ ಮೊದಲ ವರ್ಷಕ್ಕೆ ಸಾಕು.

ಪ್ರಶ್ನೆ (ಮದ್ದೂರು, ಪೋಷಕರು): ಮೇಡಂ, ಮಗನನ್ನ ಬಿ.ಕಾಂ.ಗೆ ಹಾಕೋಣ ಅಂತಿದ್ವಿ. ಅವನು ಅರ್ಥಶಾಸ್ತ್ರನೇ ಬೇಕು ಅಂತ ಕೂತಿದ್ದಾನೆ. ಇದನ್ನ ಓದಿದರೆ ಏನು ಕೆಲಸ ಸಿಗುತ್ತೆ? ನಾಲ್ಕು ವರ್ಷ ಓದಬೇಕು ಅಂತಾನೂ ಕೇಳಿದ್ವಿ.

ಉತ್ತರ: ನಾಲ್ಕು ವರ್ಷದ್ದು ಹಳೆಯ ಮಾತು ಸರ್. ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ.

ಕೆಲಸದ ವಿಚಾರ ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಪದವಿ ಮುಗಿದ ತಕ್ಷಣ ಒಂದು ಆಫೀಸಿನಲ್ಲಿ ಕೂರಬೇಕು, ಲೆಕ್ಕಪತ್ರ, ಜಿಎಸ್‌ಟಿ ನೋಡ್ಕೋಬೇಕು ಅನ್ನೋದಾದರೆ ಬಿ.ಕಾಂ. ಒಳ್ಳೇದು. ಅರ್ಥಶಾಸ್ತ್ರದ ಬೆಲೆ ಹೆಚ್ಚಾಗೋದು ಎಂ.ಎ. ಆದಮೇಲೆ. ಕೇಂದ್ರ ಲೋಕಸೇವಾ ಆಯೋಗ ನಡೆಸೋ ಭಾರತೀಯ ಆರ್ಥಿಕ ಸೇವೆ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯೇ ಬೇಕು. ರಿಸರ್ವ್ ಬ್ಯಾಂಕಿನಲ್ಲಿ ಆರ್ಥಿಕ ಸಂಶೋಧನೆಗೆ ಅಂತಲೇ ಬೇರೆ ಅಧಿಕಾರಿ ಹುದ್ದೆಗಳಿವೆ. ಕಾಲೇಜಿನಲ್ಲಿ ಪಾಠ ಮಾಡೋ ಮನಸ್ಸಿದ್ದರೆ ಎಂ.ಎ. ಜೊತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ. ಬ್ಯಾಂಕ್ ಪರೀಕ್ಷೆ, ಕೆಎಎಸ್ ಇವಕ್ಕೆಲ್ಲ ಯಾವ ಪದವಿಯಾದರೂ ನಡೆಯುತ್ತೆ, ಆದರೆ ಬಜೆಟ್ಟು, ಹಣದುಬ್ಬರ, ಬ್ಯಾಂಕಿಂಗ್ ಭಾಗ ನಮ್ಮ ಹುಡುಗರಿಗೆ ಸಲೀಸು.

ಅವನು ಹಠ ಹಿಡಿದಿದ್ದಾನೆ ಅಂದ್ರಲ್ಲ, ಅದನ್ನ ಸಣ್ಣದು ಅಂತ ತಳ್ಳಿಹಾಕಬೇಡಿ. ಇಷ್ಟಪಟ್ಟು ಬಂದವನು ಮೂರನೇ ವರ್ಷಕ್ಕೆ ಎಲ್ಲಿರ್ತಾನೆ, ಬಲವಂತಕ್ಕೆ ಬಂದವನು ಎಲ್ಲಿರ್ತಾನೆ ಅನ್ನೋದನ್ನ ನಾನು ತರಗತಿಯಲ್ಲಿ ಪ್ರತಿ ವರ್ಷ ನೋಡ್ತೀನಿ. ಒಂದೇ ಮಾತು: ಸೇರಿಸೋ ಮುಂಚೆ ಜೊತೆಗೆ ಯಾವ ವಿಷಯ ಸಿಗುತ್ತೆ ಕೇಳಿ. ಸಂಖ್ಯಾಶಾಸ್ತ್ರವೋ ಗಣಿತವೋ ಜೊತೆಗಿದ್ದರೆ ಮುಂದೆ ಬಾಗಿಲು ಜಾಸ್ತಿ.

ಪ್ರಶ್ನೆ (ಮಂಡ್ಯ, ಪ್ರಥಮ ಬಿ.ಎ.): ಮೇಡಂ, ನಾನು ಕನ್ನಡ ಮಾಧ್ಯಮ. ಲೈಬ್ರರಿಯಲ್ಲಿ ಒಳ್ಳೆ ಪುಸ್ತಕ ಎಲ್ಲಾ ಇಂಗ್ಲಿಷಲ್ಲೇ ಇವೆ. ಗೈಡ್ ಓದಿ ಬರೆದರೆ ಫಸ್ಟ್ ಕ್ಲಾಸ್ ಬರುತ್ತೆ ಅಂತಾರೆ. ಅಷ್ಟೇ ಸಾಕಾ?

ಉತ್ತರ: ಫಸ್ಟ್ ಕ್ಲಾಸ್ ಬರಬಹುದಪ್ಪ, ಅರ್ಥಶಾಸ್ತ್ರ ಬರಲ್ಲ. ಗೈಡಿನಲ್ಲಿ ವ್ಯಾಖ್ಯೆ ಇರುತ್ತೆ, ಲಕ್ಷಣಗಳು ಒಂದು ಎರಡು ಮೂರು ಅಂತ ಇರುತ್ತೆ. ಅದರ ಹಿಂದಿನ ಕಾರಣ ಇರಲ್ಲ.

ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನೇ ತಗೋ. ಉರು ಹೊಡೆದವರಿಗೆ ಅದು ಬರೀ ನಾಲ್ಕು ಸಾಲು. ಅದರ ಬದಲು ಬಂಡೀಪಾಳ್ಯದ ಎಪಿಎಂಸಿ ಯಾರ್ಡಿಗೆ ಟೊಮೆಟೊ ಬರೋದನ್ನ ನೆನಪಿಸ್ಕೋ. ಲೆಕ್ಕಕ್ಕೆ ಹೀಗೆ ಇಟ್ಕೊಳ್ಳೋಣ: ಕೆಜಿಗೆ 20 ರೂಪಾಯಿ ಇದ್ದಾಗ 100 ಕೆಜಿ ಹೋಗ್ತಿತ್ತು, ಕೈಗೆ 2,000. ಎಲ್ಲರ ಹೊಲದಲ್ಲೂ ಬೆಳೆ ಚೆನ್ನಾಗಿ ಬಂತು, 120 ಕೆಜಿ ಮಾರಬೇಕು, ಬೆಲೆ 10ಕ್ಕೆ ಬಿತ್ತು. ಈಗ ಕೈಗೆ 1,200. ಬೆಲೆ ಶೇ. 50 ಇಳಿದರೂ ಜನ ಕೊಂಡದ್ದು ಶೇ. 20 ಮಾತ್ರ ಜಾಸ್ತಿ. ಅಗ್ಗ ಆಯ್ತು ಅಂತ ಯಾರೂ ಸಾರಿಗೆ ಎರಡರಷ್ಟು ಟೊಮೆಟೊ ಹಾಕಲ್ಲವಲ್ಲ. 20ನ್ನ 50ರಿಂದ ಭಾಗಿಸಿದರೆ 0.4, ಸ್ಥಿತಿಸ್ಥಾಪಕತ್ವ ಅಂದರೆ ಇದೇ. ಒಂದಕ್ಕಿಂತ ಕಡಿಮೆ ಬಂದರೆ ಬೇಡಿಕೆ ಬೆಲೆಗೆ ಬಗ್ಗೋದು ಕಡಿಮೆ ಅಂತ ಅರ್ಥ. ಫಸಲು ತುಂಬಿ ಬಂದ ವರ್ಷವೇ ರೈತ ಯಾಕೆ ರಸ್ತೆಗೆ ಸುರಿದು ಹೋಗ್ತಾನೆ ಅನ್ನೋದು ಆ 0.4ರಲ್ಲಿದೆ. ಉತ್ತರಪತ್ರಿಕೆಯಲ್ಲಿ ವ್ಯಾಖ್ಯೆಯ ಕೆಳಗೆ ಇಂಥದೊಂದು ಲೆಕ್ಕ, ಒಂದು ರೇಖಾಚಿತ್ರ ಹಾಕಿದರೆ ಮೌಲ್ಯಮಾಪಕರಿಗೆ ನಿನಗೆ ಗೊತ್ತಿದೆ ಅಂತ ಗೊತ್ತಾಗುತ್ತೆ.

ಇಂಗ್ಲಿಷ್ ವಿಚಾರ. ಪಿಯುಸಿ ಅರ್ಥಶಾಸ್ತ್ರದ ಪುಸ್ತಕ ಎರಡೂ ಭಾಷೆಯಲ್ಲಿದೆ. ಒಂದೇ ಅಧ್ಯಾಯವನ್ನ ಮೊದಲು ಕನ್ನಡದಲ್ಲಿ, ಹಿಂದೆಯೇ ಇಂಗ್ಲಿಷಲ್ಲಿ ಓದು. ವಿಷಯ ಆಗಲೇ ಗೊತ್ತಿರೋದರಿಂದ ಇಂಗ್ಲಿಷ್ ಅಷ್ಟು ಕಾಡಲ್ಲ. ರಾಜ್ಯದ ಬಜೆಟ್ ಭಾಷಣ, ಪ್ರತಿ ವರ್ಷದ ಕರ್ನಾಟಕ ಆರ್ಥಿಕ ಸಮೀಕ್ಷೆ ಎರಡೂ ಕನ್ನಡದಲ್ಲೇ ಸಿಗುತ್ತವೆ, ದುಡ್ಡೂ ಕೊಡಬೇಕಿಲ್ಲ. ಸಮೀಕ್ಷೆಯಲ್ಲಿ ಮಂಡ್ಯ ಜಿಲ್ಲೆಯ ಕೋಷ್ಟಕ ಹುಡುಕು, ಪಕ್ಕದ ಜಿಲ್ಲೆ ಜೊತೆ ಹೋಲಿಸು. ಯಾವ ಗೈಡೂ ಅದನ್ನ ಮಾಡಿಕೊಡಲ್ಲ.

ಪ್ರಶ್ನೆ (ಪಾಂಡವಪುರ, ದ್ವಿತೀಯ ಬಿ.ಎ.): ಬೇಡಿಕೆ-ಪೂರೈಕೆ ಸೇರಿ ಬೆಲೆ ನಿರ್ಧಾರ ಆಗುತ್ತೆ ಅಂತ ಓದ್ತೀವಿ. ನಮ್ಮ ಮನೆ ಕಬ್ಬಿಗೆ ಸರ್ಕಾರ ಬೆಲೆ ಹೇಳುತ್ತೆ, ಕಾರ್ಖಾನೆ ಕೊಟ್ಟಾಗ ದುಡ್ಡು. ಹಾಗಾದ್ರೆ ಪುಸ್ತಕದ ಪಾಠ ಇಲ್ಲಿಗೆ ಅನ್ವಯ ಆಗಲ್ವಾ ಮೇಡಂ?

ಉತ್ತರ: ಎಷ್ಟು ಒಳ್ಳೆ ಪ್ರಶ್ನೆ ಕಣಪ್ಪ! ಪುಸ್ತಕದ ಮೊದಲ ಅಧ್ಯಾಯ ಅನ್ವಯ ಆಗಲ್ಲ, ಮುಂದಿನವು ಆಗುತ್ತವೆ.

ಮೊದಲು ವಸ್ತುಸ್ಥಿತಿ. ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ಎಫ್‌ಆರ್‌ಪಿ, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆ ಗೊತ್ತು ಮಾಡುತ್ತೆ. 2025-26ರ ಹಂಗಾಮಿಗೆ ಅದು ಶೇ. 10.25 ಸಕ್ಕರೆ ಇಳುವರಿಗೆ (ಅಂದರೆ 100 ಕೆಜಿ ಕಬ್ಬಿಗೆ 10.25 ಕೆಜಿ ಸಕ್ಕರೆ) ಕ್ವಿಂಟಾಲಿಗೆ 355 ರೂಪಾಯಿ, ಟನ್ನಿಗೆ 3,550. ಇಳುವರಿ ಅದಕ್ಕಿಂತ ಕಡಿಮೆ ಬಂದರೆ ಬೆಲೆಯೂ ಇಳಿಯುತ್ತೆ. ಶೇ. 9.5ಕ್ಕಿಂತ ಕೆಳಗೆ ಹೋದರೂ ಕ್ವಿಂಟಾಲಿಗೆ 329.05 ರೂಪಾಯಿಗಿಂತ ಕಡಿಮೆ ಕೊಡುವ ಹಾಗಿಲ್ಲ. ಇದು ಕಾರ್ಖಾನೆ ಬಾಗಿಲಲ್ಲಿನ ಬೆಲೆ. ಕಟಾವು, ಸಾಗಾಣಿಕೆ ಕಳೆದು ನಿಮ್ಮಪ್ಪನ ಕೈಗೆ ಬರುತ್ತೆ.

ಈಗ ಸಿದ್ಧಾಂತ. ಪುಸ್ತಕದ ಸರಳ ಚಿತ್ರದಲ್ಲಿ ಕೊಳ್ಳೋರೂ ಬಹಳ, ಮಾರೋರೂ ಬಹಳ. ಅಲ್ಲಿ ಸರ್ಕಾರ ತಳಬೆಲೆಯನ್ನ (ಇದಕ್ಕಿಂತ ಕಡಿಮೆಗೆ ಕೊಳ್ಳಬಾರದು ಅನ್ನೋ ಬೆಲೆ) ಸಮತೋಲನ ಬೆಲೆಗಿಂತ, ಅಂದರೆ ಬೇಡಿಕೆ-ಪೂರೈಕೆ ಸಮ ಆಗೋ ಬೆಲೆಗಿಂತ ಮೇಲಿಟ್ಟರೆ ಸರಕು ಮಾರಾಟವಾಗದೆ ಮಿಗುತ್ತೆ. ಕಬ್ಬಿನಲ್ಲಿ ಮಾರೋರು ಸಾವಿರಾರು ಜನ, ಆಸುಪಾಸಿನಲ್ಲಿ ಕೊಳ್ಳೋ ಕಾರ್ಖಾನೆ ಒಂದೋ ಎರಡೋ. ಕಡಿದ ಕಬ್ಬು ಕಾಯಲ್ಲ, ದಿನ ಕಳೆದ ಹಾಗೆ ತೂಕವೂ ಸಕ್ಕರೆ ಅಂಶವೂ ಇಳಿಯುತ್ತೆ. ದೂರಕ್ಕೆ ಸಾಗಿಸಿದರೆ ಲಾರಿ ಬಾಡಿಗೆಗೇ ಹೋಗುತ್ತೆ. ಕೊಳ್ಳೋನು ಒಬ್ಬನೇ ಇರೋ ಇಂಥ ಮಾರುಕಟ್ಟೆಗೆ ಮೊನಾಪ್ಸನಿ ಅಂತಾರೆ. ಅಲ್ಲಿ ಕೊಳ್ಳೋನು ಬೇಕಂತಲೇ ಕಡಿಮೆ ಕೊಂಡು ಬೆಲೆ ತಗ್ಗಿಸಬಲ್ಲ. ಆಗ ಸರಿಯಾದ ಮಟ್ಟದ ತಳಬೆಲೆ ಬಂದರೆ ಬೆಲೆಯೂ ಏರಬಹುದು, ಕೊಳ್ಳುವ ಪ್ರಮಾಣವೂ ಏರಬಹುದು. ಒಂದೇ ನೀತಿ, ಮಾರುಕಟ್ಟೆಯ ರಚನೆ ಬೇರೆಯಾದರೆ ಫಲ ತಿರುಗುಮುರುಗು. ಈ ಎರಡು ಚಿತ್ರಗಳನ್ನ ಅಕ್ಕಪಕ್ಕ ಬರೆದು ನೋಡು.

ಆಮೇಲೆ ಮಂಡ್ಯದ ವಿಶೇಷ ಒಂದಿದೆ: ಆಲೆಮನೆ. ಬೆಲ್ಲದ ಬೆಲೆ ಚೆನ್ನಾಗಿರೋ ವರ್ಷ ಕಬ್ಬು ಆ ಕಡೆ ಹರಿಯುತ್ತೆ, ಕಾರ್ಖಾನೆಗೆ ಕೊರತೆ ಬೀಳುತ್ತೆ. ಅಂದರೆ ರೈತನಿಗೆ ಇನ್ನೊಂದು ದಾರಿ ಇದೆ, ಅಷ್ಟರಮಟ್ಟಿಗೆ ಕಾರ್ಖಾನೆಯ ಬಿಗಿ ಸಡಿಲ. ಆಲೆಮನೆಗಳು ಮುಚ್ಚುತ್ತಾ ಹೋದರೆ ಬೆಲ್ಲ ಮಾಡೋರಿಗಷ್ಟೇ ನಷ್ಟ ಅಲ್ಲ, ಕಾರ್ಖಾನೆಗೆ ಕಬ್ಬು ಹಾಕೋರ ಚೌಕಾಸಿಯ ಬಲವೂ ಕುಗ್ಗುತ್ತೆ. ಇದನ್ನ ನಾನು ಬಹಳ ಮುಖ್ಯ ಅಂತ ಭಾವಿಸ್ತೀನಿ, ಚರ್ಚೆ ಆಗೋದು ಮಾತ್ರ ಕಡಿಮೆ.

ದುಡ್ಡು ತಡ ಆಗೋ ಮಾತಿಗೆ ಬಂದರೆ, 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಬಡ್ಡಿಯಿಲ್ಲದೆ ಬಾಕಿ ನಿಂತರೆ ಬೆಲೆ ಕಾಗದದ ಮೇಲೆ ಅಷ್ಟೇ ಇದ್ದರೂ ನಿಜದಲ್ಲಿ ಇಳಿದ ಹಾಗೇ. ಶೇ. 12ರ ಸಾಲ ಮಾಡಿ ಬೆಳೆದವರಿಗೆ 3,550 ರೂಪಾಯಿ ಆರು ತಿಂಗಳು ತಡವಾದರೆ ಟನ್ನಿಗೆ 213 ರೂಪಾಯಿ ಬಡ್ಡಿಗೇ ಹೋಯ್ತು. ಕ್ಯಾಲ್ಕುಲೇಟರ್ ತಗೊಂಡು ನೀನೇ ಹಾಕಿ ನೋಡು.

ಪ್ರಶ್ನೆ (ಮೈಸೂರು, ಅಂತಿಮ ಬಿ.ಎ.): ಎಂ.ಎ. ಎಲ್ಲಿ ಮಾಡಿದರೆ ಒಳ್ಳೇದು ಮೇಡಂ?

ಉತ್ತರ: ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಮನೆ ಬಾಗಿಲಲ್ಲೇ ಇದೆ, ಅಲ್ಲಿಯ ಗ್ರಂಥಾಲಯ ಒಂದಕ್ಕೇ ಸೇರಬಹುದು. ಹೊರಗೆ ಹೋಗೋದಾದರೆ ಬೆಂಗಳೂರಿನ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್, ಪುಣೆಯ ಗೋಖಲೆ ಸಂಸ್ಥೆ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಭಾರತೀಯ ಸಾಂಖ್ಯಿಕ ಸಂಸ್ಥೆ. ಕೊನೆಯದರ ಪ್ರವೇಶ ಪರೀಕ್ಷೆಯಲ್ಲಿ ಗಣಿತಕ್ಕೇ ಬೇರೆ ಪತ್ರಿಕೆ. ಐಐಟಿಗಳ ಸ್ನಾತಕೋತ್ತರ ಪ್ರವೇಶಕ್ಕೆ ನಡೆಸೋ ಜಾಮ್ ಪರೀಕ್ಷೆಯಲ್ಲೂ 2021ರಿಂದ ಅರ್ಥಶಾಸ್ತ್ರ ಇದೆ, ಅಲ್ಲೂ ಗಣಿತ, ಸಂಖ್ಯಾಶಾಸ್ತ್ರ ಕೇಳ್ತಾರೆ. ಮಳವಳ್ಳಿಯ ಹುಡುಗಿಗೆ ಕಾಲೇಜಿಗೆ ಮುಂಚೆಯೇ ಗಣಿತ ಶುರು ಮಾಡು ಅಂದದ್ದು ಇದಕ್ಕೇ. ಹಳೆಯ ಪ್ರಶ್ನೆಪತ್ರಿಕೆ ಇವತ್ತೇ ತೆಗೆದು ನೋಡು.

ಪ್ರಶ್ನೆ (ಶ್ರೀರಂಗಪಟ್ಟಣ, ಅಂತಿಮ ಬಿ.ಎ.): ಪ್ರಾಜೆಕ್ಟಿಗೆ ನಮ್ಮ ಹಳ್ಳಿಯನ್ನೇ ತಗೋಬಹುದಾ? ಹಳ್ಳೀಲಿ ಏನಿದೆ ಅಂತ ಸ್ನೇಹಿತರು ನಗ್ತಾರೆ.

ಉತ್ತರ: ತಗೊಳ್ಳಮ್ಮ. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನ ಶುರು ಮಾಡಿದರು. ಬರಹದಲ್ಲಿ ವಂಗಲ, ದಲೇನ ಅಂತ ಕರೆದರು. ವಂಗಲಕ್ಕೆ ನಾಲೆ ನೀರು ಬಂತು, ದಲೇನ ಒಣಭೂಮಿಯಾಗೇ ಉಳೀತು. ನೀರು ಬಂದ ಊರು ಕಬ್ಬು ಬೆಳೆದು ಬೇಸಾಯದಲ್ಲೇ ಗಟ್ಟಿಯಾಯ್ತು, ಹಳೆಯ ಸಂಬಂಧಗಳು ಹೆಚ್ಚು ಕದಲಲಿಲ್ಲ. ನೀರಿಲ್ಲದ ಊರಿನವರು ಮಂಡ್ಯದ ಕೆಲಸಕ್ಕೆ, ವ್ಯಾಪಾರಕ್ಕೆ ಹೊರಬಿದ್ದರು, ಬದಲಾವಣೆ ಅಲ್ಲೇ ಹೆಚ್ಚಾಯ್ತು. ಈ ಅಧ್ಯಯನವನ್ನ ಬೇರೆ ದೇಶಗಳಲ್ಲೂ ಓದ್ತಾರೆ. ನಗೋ ಸ್ನೇಹಿತರಿಗೆ ಇದನ್ನ ಹೇಳು.

ನೀನು ಮೂವತ್ತು ನಲವತ್ತು ಮನೆ ತಗೋ, ಸಾಕು. ಹೋದ ತಕ್ಷಣ "ವರ್ಷಕ್ಕೆ ಆದಾಯ ಎಷ್ಟು" ಅಂತ ಕೇಳಬೇಡ, ಯಾರೂ ಸರಿಯಾಗಿ ಹೇಳಲ್ಲ, ರೇಷನ್ ಕಾರ್ಡ್ ಹೋದೀತು ಅನ್ನೋ ಅಂಜಿಕೆ ಇರುತ್ತೆ. ಎಷ್ಟು ಗುಂಟೆ ಗದ್ದೆ, ಯಾವ ಬೆಳೆ, ಎಷ್ಟು ಟನ್ ಆಯ್ತು, ಯಾರಿಗೆ ಕೊಟ್ರಿ, ದುಡ್ಡು ಯಾವಾಗ ಬಂತು ಅಂತ ಕೇಳು. ಮನೆಯಲ್ಲಿ ಯಾರು ಯಾವ ಊರಿಗೆ ಕೆಲಸಕ್ಕೆ ಹೋಗ್ತಾರೆ, ಬಸ್ಸಿನಲ್ಲೋ ಬೈಕಿನಲ್ಲೋ ಅಂತಾನೂ ಕೇಳು. ಹೆಂಗಸರನ್ನ ಬೇರೆಯಾಗಿ ಮಾತಾಡಿಸು: ಹಸು, ಡೈರಿ ಹಾಲು, ಸಂಘದ ಸಾಲದ ಲೆಕ್ಕ ಬಹುತೇಕ ಅವರ ಹತ್ತಿರವೇ ಇರುತ್ತೆ. ವರದಿಯಲ್ಲಿ ಯಾರ ಹೆಸರನ್ನೂ ಹಾಕಬೇಡ. ಪ್ರಶ್ನಾವಳಿ ಬರೆದ ಮೇಲೆ ಇಲ್ಲಿ ಹಾಕು, ತಿದ್ದಿ ಕೊಡ್ತೀನಿ.