ಸಾಗರದ ಹತ್ತಿರ ಹಳೇ ಮನೆ ಕೊಳ್ಳುತ್ತಿದ್ದೇವೆ: ಗೆದ್ದಲು ಇದೆಯಾ ಅಂತ ನೋಡುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಒಂದು ಹೆಂಚಿನ ಮನೆ ನೋಡಿದ್ದೇವೆ. ನಲವತ್ತು ವರ್ಷದ್ದು. ಬೆಂಗಳೂರು ಬಿಟ್ಟು ಅಪ್ಪ ಅಮ್ಮನ ಜೊತೆ ಅಲ್ಲೇ ಇರೋಣ ಅಂತ ಆಸೆ. ಅಮ್ಮನಿಗೆ ಆ ಜಗಲಿ, ಹಿತ್ತಲಿನ ಬಾವಿ ತುಂಬಾ ಹಿಡಿಸಿವೆ. ಆದರೆ ಬಚ್ಚಲಮನೆ ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಒಂದು ಮಣ್ಣಿನ ಗೆರೆ ಕಂಡೆ. ಮಾರುವವರನ್ನು ಕೇಳಿದರೆ, "ಅದು ಹಳೇದು, ಔಷಧಿ ಹೊಡೆಸಿದ್ದೇವೆ" ಎಂದರು. ಬಾಗಿಲು ಕಿಟಕಿಗೆಲ್ಲ ಹೊಸ ಬಣ್ಣ. ಮುಂದಿನ ವಾರ ಅಡ್ವಾನ್ಸ್ ಕೊಡಬೇಕು. ಮರದ ವಿಷಯ ನನಗೇನೂ ಗೊತ್ತಿಲ್ಲ. ಏನೇನು ನೋಡಬೇಕು, ತಿಳಿದವರು ಹೇಳಿ.

ಉತ್ತರ (ತೀರ್ಥಹಳ್ಳಿಯಿಂದ)

ದಯವಿಟ್ಟು ಅಡ್ವಾನ್ಸ್ ಒಂದೆರಡು ವಾರ ತಡೆಯಿರಿ. ನಾವು ಎಡವಿದ್ದು ಇಲ್ಲೇ.

2016ರಲ್ಲಿ ಇಂಥದ್ದೇ ಮನೆ ಕೊಂಡೆವು. ದೇವರಕೋಣೆ ಬಾಗಿಲವಾಡಕ್ಕೆ ಆಗಷ್ಟೇ ಕಂದು ಬಣ್ಣ ಬಳಿದಿದ್ದರು. ಒಕ್ಕಲಾಗಿ ಮೂರು ತಿಂಗಳಿಗೆ, ಒಂದು ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಹಚ್ಚುವಾಗ ನನ್ನ ಹೆಬ್ಬೆರಳು ಬಣ್ಣದೊಳಗೇ ಇಳಿಯಿತು. ಹಪ್ಪಳ ಮುರಿದ ಹಾಗೆ. ಒಳಗೆ ಮರವೇ ಇರಲಿಲ್ಲ. ಹಸಿ ಮಣ್ಣು, ಅದರ ನಡುವೆ ಅಕ್ಕಿ ನುಚ್ಚಿನಂಥ ಬಿಳಿ ಹುಳ. ನಮ್ಮ ಕಡೆ ವರಲೆ ಅನ್ನುತ್ತೇವೆ. ಬಾಗಿಲನ್ನು ಅಷ್ಟು ದಿನ ಹಿಡಿದಿದ್ದು ಬಣ್ಣವೇ ಇರಬೇಕು. ಆ ದಿನ ಊಟ ಸೇರಲಿಲ್ಲ.

ನೀವು ಮೊದಲು ಆ ಮಣ್ಣಿನ ಗೆರೆ ನೋಡಿ, ಗೆದ್ದಲು ಓಡಾಡುವ ದಾರಿ ಅದು. ನಡುವೆ ಎರಡು ಇಂಚು ಮಾತ್ರ ಕೆರೆದು ತೆಗೆಯಿರಿ. ಮೇಲೆ ಕೆಳಗೆ ಹಾಗೇ ಇರಲಿ. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ನಾಲ್ಕೈದು ದಿನ ಬಿಟ್ಟು ಮತ್ತೆ ಹೋಗಿ. ಹಸಿ ಮಣ್ಣು ಮೆತ್ತಿ ಮುಚ್ಚಿಕೊಂಡಿದ್ದರೆ ಹುಳ ಇನ್ನೂ ಇದೆ. ಮುಚ್ಚದಿದ್ದರೂ ಪೂರ್ತಿ ನಂಬಬೇಡಿ, ಬೇರೆ ದಾರಿ ಹಿಡಿದಿರಬಹುದು.

ಆಮೇಲೆ ಅಟ್ಟ ಹತ್ತಿ. ಎಲ್ಲರೂ ಜಗಲಿಯಲ್ಲಿ ಕೂತು ಕಾಫಿ ಕುಡಿದು ಬರುತ್ತಾರೆ, ನಾವೂ ಅಷ್ಟೇ ಮಾಡಿದ್ದು. ಹೆಂಚು ಹೊರುವ ಪಕಾಸು ಗೋಡೆಗೆ ಕೂರುವ ಜಾಗಕ್ಕೆ ಟಾರ್ಚ್ ಬಿಡಿ. ಪ್ರತಿ ಬಾಗಿಲವಾಡವನ್ನೂ ಬುಡದಿಂದ ಸ್ಕ್ರೂಡ್ರೈವರ್ ಹಿಡಿಯಲ್ಲಿ ತಟ್ಟುತ್ತಾ ಬನ್ನಿ. ತಿಂದ ಮರದ ಸದ್ದೇ ಬೇರೆ, ಟೊಳ್ಳು. ತೆಂಗಿನಕಾಯಿ ತಟ್ಟಿ ನೋಡುವ ಕಿವಿ ಸಾಕು. ಹಲಸು, ತೇಗ ಎಂದಮಾತ್ರಕ್ಕೆ ಸಮಾಧಾನ ಬೇಡ. ನಡುವಿನ ಗಟ್ಟಿ ಚೇಗು ಉಳಿಯಬಹುದು, ಅಂಚಿನ ಬಿಳಿ ಮರವನ್ನು ಗೆದ್ದಲು ಸಲೀಸಾಗಿ ತಿನ್ನುತ್ತದೆ. ಮೈದಾ ಹಿಟ್ಟಿನಂಥ ಪುಡಿ, ಸಣ್ಣ ದುಂಡು ತೂತು ಕಂಡರೆ ಅದು ಕುಟ್ಟೆ ಹುಳ, ಅದಕ್ಕೆ ಬೇರೆ ಮದ್ದು.

ಜೊತೆಗೆ ಒಬ್ಬ ಬಡಗಿ ಇರಲಿ. ಮಾರುವವರು ಹೇಳಿದ ಬಡಗಿ ಬೇಡ.

ಉತ್ತರ (ಔಷಧಿ ಹೊಡೆಯುವ ಕೆಲಸದವನು)

ಅಕ್ಕ ಹೇಳಿದ್ದು ಸರಿ. ಔಷಧಿ ಹೊಡೆಸಿದ್ದಾರೆ ಅಂದರೆ ಬಿಲ್ ಕೇಳಿ, ನೆಲ ನೋಡಿ. ಹಳೇ ಕಟ್ಟಡಕ್ಕೆ ಐಎಸ್ 6313 ಅನ್ನುವ ಗೆದ್ದಲು ತಡೆಯ ಭಾರತೀಯ ಮಾನಕದ ಮೂರನೇ ಭಾಗದ ಪ್ರಕಾರ ಮಾಡಿದ್ದರೆ ಗುರುತು ಇದ್ದೇ ಇರುತ್ತದೆ. ನೆಲ, ಗೋಡೆ ಸೇರುವಲ್ಲಿ ಅಡಿಗೊಂದರಂತೆ 12 ಮಿಲಿಮೀಟರ್ ತೂತು ಕೊರೆದು, ಔಷಧಿ ಹುಯ್ದು, ಸಿಮೆಂಟ್ ಮುಚ್ಚಿರುತ್ತಾರೆ. ಆ ಮಚ್ಚೆಗಳೇ ಇಲ್ಲ ಅಂದರೆ ಸುಮ್ನೆ ಮೇಲೆ ಸ್ಪ್ರೇ ಮಾಡಿದ್ದಾರೆ. ಗೂಡು ಇರುವುದು ನೆಲದೊಳಗೆ.

ನನಗೆ ಜಾಸ್ತಿ ಚಿಂತೆ ನಿಮ್ಮ ಬಾವಿಯದ್ದು. ಗೆದ್ದಲಿಗೆ ಹಾಕುವ ಔಷಧಿ ಇಮಿಡಾಕ್ಲೋಪ್ರಿಡ್ ಆಗಲಿ ಕ್ಲೋರ್‌ಪೈರಿಫಾಸ್ ಆಗಲಿ, ವಿಷವೇ ಅಲ್ವಾ? ಗೋಡೆಯಿಂದ ಬಾವಿ ಎಷ್ಟು ದೂರ?

ಉತ್ತರ (ಶಿವಮೊಗ್ಗದಿಂದ)

ಕಾನೂನಿನ ಒಂದು ಮಾತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ತಮಗೆ ಗೊತ್ತಿರುವ ದೊಡ್ಡ ದೋಷವನ್ನು ಮಾರುವವರು ಹೇಳಬೇಕು. ಆದರೆ ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೆ ಕಾಣುವಂಥ ದೋಷಕ್ಕೆ ಇದು ಅನ್ವಯಿಸುವುದಿಲ್ಲ. ನೀವಂತೂ ಗೆರೆಯನ್ನು ಕಣ್ಣಾರೆ ಕಂಡಿದ್ದೀರಿ. ಏನೇ ಮಾತಾದರೂ ಕ್ರಯದ ಕರಾರಿನಲ್ಲಿ ಬರೆಸಿ.

ಪ್ರಶ್ನೆ ಕೇಳಿದವರು

ಭಾನುವಾರ ಮತ್ತೆ ಹೋಗಿ ಬಂದೆ. ಮಂಗಳವಾರ ಕೆರೆದಿದ್ದ ಜಾಗ ಪೂರ್ತಿ ಮುಚ್ಚಿಕೊಂಡಿದೆ. ಮಣ್ಣು ಬೆರಳಿಗೆ ಅಂಟಿತು. ಬಚ್ಚಲ ಬಾಗಿಲವಾಡ ಬುಡದಿಂದ ಎರಡು ಅಡಿ ಟೊಳ್ಳು. ನೆಲದಲ್ಲಿ ಒಂದು ಮಚ್ಚೆಯೂ ಇಲ್ಲ. ಆದರೆ ಅಟ್ಟದ ಪಕಾಸು ಒಂದೊಂದನ್ನೂ ಬಡಗಿ ತಟ್ಟಿ ನೋಡಿದರು, ಎಲ್ಲ ಗಟ್ಟಿ. ಬಾವಿ ಬಚ್ಚಲ ಗೋಡೆಯಿಂದ ಎಂಟೇ ಹೆಜ್ಜೆ. ಅಮ್ಮ ಫೋನಿನಲ್ಲಿ ಸುಮ್ಮನಾಗಿಬಿಟ್ಟರು.

ಔಷಧಿ ಹೊಡೆಯುವ ಕೆಲಸದವನು

ಎಂಟು ಹೆಜ್ಜೆ ಅಂದರೆ ಆ ಕಡೆ ನೆಲಕ್ಕೆ ಔಷಧಿ ಹಾಕಿಸಲೇಬೇಡಿ, ಯಾರು ಏನೇ ಹೇಳಲಿ. ಆ ಬಾಗಿಲವಾಡ ಕಿತ್ತು ಕಲ್ಲಿನದ್ದು ಕೂರಿಸಿ. ಬಚ್ಚಲ ನೀರು ಗೋಡೆ ಬುಡದಲ್ಲಿ ನಿಲ್ಲದ ಹಾಗೆ ಮೋರಿ ಮಾಡಿಸಿ. ಗೋಡೆಗೆ ಒರಗಿಸಿದ ಸೌದೆ ಇದ್ದರೆ ದೂರ ಹಾಕಿಸಿ.

ತೀರ್ಥಹಳ್ಳಿಯಿಂದ

ಈ ಖರ್ಚನ್ನು ಬಡಗಿ, ಮೇಸ್ತ್ರಿ ಹತ್ತಿರ ಬರೆಸಿಕೊಂಡು ಹೋಗಿ, ಬೆಲೆಯಲ್ಲಿ ಅಷ್ಟು ಇಳಿಸಿ ಅಂತ ಕೇಳಿ. ಅಮ್ಮನಿಗೆ ಇವತ್ತೇ ಫೋನ್ ಮಾಡಿ ಅಟ್ಟ ಗಟ್ಟಿ ಇದೆ ಎಂದು ಹೇಳಿ. ನಮ್ಮ ಮನೆಯಲ್ಲಿ ಅದೂ ಹೋಗಿತ್ತು.