ಎದೆಯ ಮೇಲಿನ ‘ಪೋರ್ಟ್’ಗೆ ಏನನ್ನೋಣ?

ಗೆಳೆಯರೇ, ಒಂದು ಪದ ಬೇಕಾಗಿದೆ. ನಿಘಂಟಿಗಲ್ಲ, ಮನೆ ಬಳಕೆಗೆ.

ಸಕಲೇಶಪುರದ ಹತ್ತಿರ ಇರುವ ನಮ್ಮ ಚಿಕ್ಕಮ್ಮನಿಗೆ ಕೀಮೋ (ಕ್ಯಾನ್ಸರ್ ಔಷಧಿ) ನಡೀತಿದೆ. ಮೂರನೇ ಸಲ ಹೋದಾಗ ಕೈಯಲ್ಲಿ ನರವೇ ಸಿಗಲಿಲ್ಲ. ಐದಾರು ಕಡೆ ಚುಚ್ಚಿ ಸಾಕಾಗಿ, ಕೊನೆಗೆ ಬೆಂಗಳೂರಿನಲ್ಲಿ ‘ಪೋರ್ಟ್’ ಹಾಕಿಸಿದೆವು. ರಕ್ತನಾಳಕ್ಕೆ ಔಷಧಿ ಬಿಡಲು ಹಾಕುವ, ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಪುಟ್ಟ ಡಬ್ಬಿ ಅದು. ಕೊರಳೆಲುಬಿನ (ಕಾಲರ್ ಬೋನ್) ಕೆಳಗೆ, ಎದೆಯ ಚರ್ಮದ ಒಳಗೇ ಇರುತ್ತದೆ. ಮುಚ್ಚಳ ರಬ್ಬರಿನಂಥ ಸಿಲಿಕೋನಿನದು, ಸೂಜಿ ಚುಚ್ಚುವುದು ಅದಕ್ಕೇ. ಡಬ್ಬಿಯಿಂದ ಹೊರಟ ಸಣ್ಣ ನಳಿಗೆ ಕತ್ತಿನ ದೊಡ್ಡ ರಕ್ತನಾಳ ಹೊಕ್ಕು ಹೃದಯದ ಬಾಯಿಯವರೆಗೂ ಹೋಗುತ್ತದೆ. ಹೊರಗೆ ಏನೂ ನೇತಾಡುವುದಿಲ್ಲ, ಗಾಯ ಮಾಗಿದ ಮೇಲೆ ಆರಾಮಾಗಿ ಸ್ನಾನ ಮಾಡಬಹುದು.

ಜೊತೆಗೆ ಒಂದು ಕನ್ನಡ ಹಾಳೆ ಕೊಟ್ಟರು. ಅದರಲ್ಲಿ ‘ನಿಮ್ಮ ಬಂದರನ್ನು ತಿಂಗಳಿಗೊಮ್ಮೆ ತೊಳೆಸಿಕೊಳ್ಳಿ’ ಅಂತಿತ್ತು! ನಮ್ಮ ಚಿಕ್ಕಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು. ‘ಇದಕ್ಕೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕೇನೋ?’ ಅಂದರು.

ಹಡಗಿನ ಪೋರ್ಟ್ ಬೇರೆ, ಇದು ಬೇರೆ. ಮೊದಲನೆಯದು ಲ್ಯಾಟಿನ್ನಿನ ‘ಪೋರ್ಟುಸ್’, ಅಂದ್ರೆ ಬಂದರು. ಎರಡನೆಯದಕ್ಕೆ ಮೂಲ ‘ಪೋರ್ಟಾ’, ಅಂದ್ರೆ ಬಾಗಿಲು. ನಮಗೆ ಬೇಕಾದದ್ದು ಬಾಗಿಲಿನ ಅರ್ಥ.

ನನಗೆ ಮೊದಲು ಹೊಳೆದದ್ದು ‘ತೂಬು’. ಆದರೆ ಕೆರೆಯ ತೂಬು ನೀರನ್ನು ಹೊರಗೆ ಬಿಡುತ್ತದೆ, ಇಲ್ಲಿ ಔಷಧಿ ಒಳಗೆ ಹೋಗಬೇಕು. ಆಮೇಲೆ ಹೊಳೆದದ್ದು ನಮ್ಮ ಮಲೆನಾಡಿನ ‘ತಡಬೆ’. ಬೇಲಿ ದಾಟಲು ಬಿಟ್ಟ ಕಿರುದಾರಿ ಅದು, ಮನುಷ್ಯರು ದಾಟಬಹುದು, ದನ ದಾಟೋ ಹಾಗಿಲ್ಲ. ಇದೂ ಹಾಗೇ ಅಲ್ವಾ? ಮಾಮೂಲಿ ಸೂಜಿ ಚುಚ್ಚಿದರೆ ಸಿಲಿಕೋನಿನ ಚೂರು ಕಿತ್ತು ಬರುತ್ತದೆ, ಮುಚ್ಚಳ ಸೋರುತ್ತದೆ. ತುದಿ ಒಂಚೂರು ಬಾಗಿದ ಹ್ಯೂಬರ್ ಸೂಜಿ ಮಾತ್ರ ಸೀಳಿಕೊಂಡು ಹೋಗುತ್ತದೆ, ತೆಗೆದ ಮೇಲೆ ಜಾಗ ಮುಚ್ಚಿಕೊಳ್ಳುತ್ತದೆ. (ಈ ಹ್ಯೂಬರ್ ಸಿಯಾಟಲ್‌ನ ಒಬ್ಬ ಹಲ್ಲಿನ ಡಾಕ್ಟರು. 1982ರಲ್ಲಿ ಇಂಥ ಪೋರ್ಟಿನ ಬಗ್ಗೆ ಬರೆದ ಸರ್ಜನ್ ನೀಡರ್‌ಹ್ಯೂಬರ್. ಹೆಸರು ಕೇಳಿ ಇಬ್ಬರೂ ಒಂದೇ ಅಂದುಕೊಂಡಿದ್ದೆ, ಅಲ್ಲ.) ತಡಬೆ ನನಗೇನೋ ಬಹಳ ಹಿಡಿಸಿತು. ಆದರೆ ಹಾಸನ ಪೇಟೆಯಲ್ಲಿ ಬೆಳೆದ ನನ್ನ ಮಗಳಿಗೇ ಆ ಪದ ಗೊತ್ತಿಲ್ಲ.

ಅಷ್ಟರಲ್ಲಿ ಚಿಕ್ಕಮ್ಮ ತಾವೇ ಹೆಸರಿಟ್ಟುಬಿಟ್ಟಿದ್ದಾರೆ: ‘ಗುಂಡಿ’. ಅಂಗಿಯ ಗುಂಡಿಯ ಹಾಗೆ ಕೈಗೆ ಸಿಗುತ್ತದಲ್ಲ, ಅದಕ್ಕೆ. ‘ಗುಂಡಿ ಕೂರಿಸಿದ್ದಾರೆ’ ಅಂತಾರೆ, ಪಂಪ್‌ಸೆಟ್ ಕೂರಿಸಿದ ಹಾಗೆ. ‘ಅಳವಡಿಸಿದ್ದಾರೆ’ಗಿಂತ ಇದೇ ಚಂದ. ತೊಂದರೆ ಒಂದೇ. ಪಕ್ಕದ ಮನೆ ಅಜ್ಜಿ ಕೇಳಿಸಿಕೊಂಡು ‘ಅಯ್ಯೋ, ಎದೇಲಿ ಗುಂಡಿ ತೋಡಿದ್ರಾ?’ ಅಂತ ಕಣ್ಣಲ್ಲಿ ನೀರು ಹಾಕಿದರು.

ಇನ್ನೊಂದು ಗೊಂದಲ ‘ನರ’ದ್ದು. ಶಾಲೆಯ ಪುಸ್ತಕದಲ್ಲಿ ‘ಅಭಿಧಮನಿ’ ಅಂತಿದೆ, ಪರೀಕ್ಷೆ ಮುಗಿದ ಮೇಲೆ ಅದನ್ನು ಬಾಯಲ್ಲಿ ಆಡಿದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅದು ನರವೇ. ಆದರೆ ನರ ಅಂದ್ರೆ ರಕ್ತ ಹರಿಯುವುದೂ ಹೌದು, ನೋವು ಮುಟ್ಟಿಸುವುದೂ ಹೌದು. ‘ನರದೊಳಗೆ ನಳಿಗೆ ಬಿಟ್ಟಿದ್ದಾರೆ’ ಅಂದಾಗ ಚಿಕ್ಕಪ್ಪ ಕೇಳಿದ ಮೊದಲ ಪ್ರಶ್ನೆ, ‘ಕೈ ಸ್ವಾಧೀನ ತಪ್ಪುತ್ತಾ?’ ‘ರಕ್ತನಾಳ’ ಅಂದ ಮೇಲೆ ಸಮಾಧಾನ ಆಯಿತು.

‘ತೊಳೆಸು’ ಕೂಡ ಸರಿ ಇಲ್ಲ, ಸೋಪು ಹಾಕಿ ಉಜ್ಜಿಯಾರು. ಒಳಗೆ ರಕ್ತ ಹೆಪ್ಪುಗಟ್ಟಿ ಕಟ್ಟಿಕೊಳ್ಳಬಾರದು ಅಂತ ಸಲೈನ್ ಬಿಡುವುದು ಅದು. ತೋಟದ ಡ್ರಿಪ್ ಪೈಪಿಗೆ ನಾವು ‘ಫ್ಲಶ್ ಮಾಡು’ ಅನ್ನುತ್ತೇವೆ. ಹಾಗೇ ಬಿಡೋಣವಾ?

ಊರಿನ ನರ್ಸಮ್ಮನಿಗೆ ತೋರಿಸಲು ನಾನು ಬರೆದಿಟ್ಟ ಸಾಲು ಇದು: ‘ಎದೆಯ ಚರ್ಮದ ಕೆಳಗೆ ಔಷಧಿ ಗುಂಡಿ (ಪೋರ್ಟ್) ಇದೆ. ಅದಕ್ಕೆ ಮಾಮೂಲಿ ಸೂಜಿ ಚುಚ್ಚಬಾರದು, ಹ್ಯೂಬರ್ ಸೂಜಿಯೇ ಬೇಕು.’ ‘ಔಷಧಿ ಗುಂಡಿ’ ಅಂದರೆ ಮಾತ್ರೆ ಅಂದುಕೊಳ್ಳುತ್ತಾರಾ? ನಿಮ್ಮ ಕಡೆ ಬೇರೆ ಪದ ಓಡಾಡುತ್ತಿದ್ದರೆ ಹೇಳಿ. ಗುರುವಾರ ಫ್ಲಶ್ ಇದೆ, ಅಷ್ಟರಲ್ಲಿ ಹಾಳೆ ತಿದ್ದಿ ಚಿಕ್ಕಮ್ಮನ ಫೈಲಿಗೆ ಹಾಕಬೇಕು.