ಪಕ್ಕದ ನಿವೇಶನದಲ್ಲಿ ಕೆಲಸ ಶುರುವಾಗುವ ಮುನ್ನ ಮನೆಯ ಬಳಿಯ ಶಬ್ದವನ್ನು ಅಳೆದಿಡುವುದು ಹೇಗೆ?

ಪ್ರಶ್ನೆ: ನಿಟುವಳ್ಳಿ ನಿವಾಸಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ನಿಟುವಳ್ಳಿಯಲ್ಲಿ ಮೂವತ್ತು–ನಲವತ್ತರ ನಿವೇಶನದ ಮನೆ. ಪೂರ್ವಕ್ಕೆ ಹೊಂದಿಕೊಂಡಿದ್ದ ಎರಡು ಖಾಲಿ ನಿವೇಶನಗಳನ್ನು ಒಬ್ಬರೇ ಕೊಂಡಿದ್ದು, ಅಲ್ಲಿ ಸೆಲ್ಲಾರ್ ಸಹಿತ ನಾಲ್ಕು ಅಂತಸ್ತಿನ ಕಟ್ಟಡ ಏಳಲಿದೆ. ಇನ್ನು ಹದಿನೈದು ದಿನಕ್ಕೆ ಭೂಮಿಪೂಜೆ. ನಮ್ಮ ತಂದೆಯವರಿಗೆ ಎಂಬತ್ತೆರಡು ವರ್ಷ. ಅವರು ಮಲಗುವ ಕೋಣೆಯ ಕಿಟಕಿ ಅದೇ ಕಡೆಗಿದೆ, ಕಾಂಪೌಂಡಿಗೂ ಕಿಟಕಿಗೂ ನಡುವೆ ಐದಡಿ ಜಾಗವಷ್ಟೇ.

ಎರಡು ವರ್ಷದ ಹಿಂದೆ ನಮ್ಮ ಹಿಂಬದಿಯಲ್ಲಿ ಮನೆ ಕಟ್ಟುವಾಗ ಗದ್ದಲ ತಡೆಯಲಾರದೆ ಹೋಗಿ ಕೇಳಿದ್ದೆ. ಅಲ್ಲಿನ ಮೇಸ್ತ್ರಿ, "ನಿಮ್ಮ ಬೀದಿಯಲ್ಲಿ ಮೊದಲೂ ಇಷ್ಟೇ ಸದ್ದಿತ್ತಲ್ಲ ಸರ್" ಎಂದುಬಿಟ್ಟರು. ಇರಲಿಲ್ಲ ಎಂದು ನನಗೆ ಗೊತ್ತಿತ್ತು, ಆದರೆ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಈ ಸಲ ಕೆಲಸಕ್ಕೆ ಮುಂಚಿನ ಶಬ್ದವನ್ನು ಅಳೆದು ಬರೆದಿಡಬೇಕೆಂದು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದೇನೆ. ಅದು ಒಂದು ಕ್ಷಣ 48 ಡೆಸಿಬಲ್ ತೋರಿಸಿದರೆ ಮರುಕ್ಷಣ 63 ತೋರಿಸುತ್ತದೆ. ಇವುಗಳಲ್ಲಿ ಯಾವುದನ್ನು ಬರೆದುಕೊಳ್ಳಬೇಕು? ಎಲ್ಲಿ ನಿಂತು, ಯಾವ ಹೊತ್ತಿನಲ್ಲಿ, ಎಷ್ಟು ದಿನ ಅಳೆಯಬೇಕು? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಪರಿಸರ ಮಾಪನ ಕೆಲಸದಲ್ಲಿರುವವನು

48 ಮತ್ತು 63 ಎರಡೂ ಸರಿಯಿರಬಹುದು, ಆದರೆ ಎರಡೂ ಆಯಾ ಕ್ಷಣದವು. ಕ್ಷಣದ ಸಂಖ್ಯೆಯನ್ನು ಹಿಡಿದುಕೊಂಡು ಯಾರ ಮುಂದೆಯೂ ನಿಲ್ಲಲಾಗುವುದಿಲ್ಲ. ನಾವು ಸ್ಥಳಕ್ಕೆ ಹೋದಾಗ ಕನಿಷ್ಠ ಹದಿನೈದು ನಿಮಿಷ ಮಾಪಕವನ್ನು ಓಡಲು ಬಿಟ್ಟು, ಮುಖ್ಯವಾಗಿ ಎರಡು ಸಂಖ್ಯೆಗಳನ್ನು ತೆಗೆದುಕೊಳ್ಳುತ್ತೇವೆ. ಒಂದು ಎಲ್‌ಇಕ್ಯೂ, ಅಂದರೆ ಅಷ್ಟು ಹೊತ್ತು ಏರಿಳಿದ ಶಬ್ದದ ಶಕ್ತಿಯನ್ನೆಲ್ಲ ಒಂದೇ ಸಮನಾಗಿ ಹರಡಿದರೆ ಬರುವ ಮಟ್ಟ. ಇನ್ನೊಂದು ಎಲ್90, ಅಂದರೆ ಅವಧಿಯ ಶೇ. 90ರಷ್ಟು ಹೊತ್ತು ಶಬ್ದವು ಯಾವ ಮಟ್ಟಕ್ಕಿಂತ ಮೇಲೆಯೇ ಇತ್ತೋ ಆ ಮಟ್ಟ. ಇದನ್ನು ಬೀದಿಯ ತಳದ ಸದ್ದು ಎನ್ನಬಹುದು.

ಎರಡೂ ಏಕೆ ಬೇಕೆಂಬುದಕ್ಕೆ ಒಂದು ಲೆಕ್ಕ ನೋಡಿ. ಬೀದಿ 48 ಡೆಸಿಬಲ್‌ನಲ್ಲಿ ತಣ್ಣಗಿರುವಾಗ ವಾಹನವೊಂದು ನಿಮ್ಮ ಮಾಪಕದ ಬಳಿ 85 ಡೆಸಿಬಲ್ ಬರುವಂತೆ ಹತ್ತೇ ಸೆಕೆಂಡು ಹಾರ್ನ್ ಹೊಡೆದು ಹೋಯಿತೆನ್ನಿ. ಹದಿನೈದು ನಿಮಿಷದ ಎಲ್‌ಇಕ್ಯೂ 65ನ್ನು ದಾಟಿಬಿಡುತ್ತದೆ. ಎಲ್90 ಮಾತ್ರ 48ರ ಆಸುಪಾಸಿನಲ್ಲೇ ಉಳಿದಿರುತ್ತದೆ. ನಿಮ್ಮ ಮೇಸ್ತ್ರಿಯವರು ನೆನಪಿಟ್ಟುಕೊಂಡದ್ದು ಆ ಹಾರ್ನನ್ನು, ನೀವು ನೆನಪಿಟ್ಟುಕೊಂಡದ್ದು ಉಳಿದ ಹದಿನಾಲ್ಕೂಮುಕ್ಕಾಲು ನಿಮಿಷವನ್ನು. ಇಬ್ಬರದೂ ಸುಳ್ಳಲ್ಲ. ಡೆಸಿಬಲ್‌ಗಳನ್ನು ಕೂಡಿ ಭಾಗಿಸಿ ಸರಾಸರಿ ತೆಗೆಯುವ ತಪ್ಪನ್ನೂ ಮಾಡಬೇಡಿ. ಸಮ ಅವಧಿಯ 50 ಮತ್ತು 70ರ ಶಕ್ತಿ ಸರಾಸರಿ 60 ಅಲ್ಲ, 67.

ಉಪಕರಣದ ಬಗ್ಗೆ ಹೇಳುವುದಾದರೆ, ಶಬ್ದಮಾಪಕಗಳಿಗಿರುವ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61672ಕ್ಕೆ ಹೊಂದುವ 2ನೇ ವರ್ಗದ (ನಿಖರತೆಯಲ್ಲಿ 1ನೇ ವರ್ಗಕ್ಕಿಂತ ಒಂದು ಮೆಟ್ಟಿಲು ಕೆಳಗಿನ) ಮಾಪಕವನ್ನು ಕೆಲವು ದಿನದ ಮಟ್ಟಿಗೆ ಬಾಡಿಗೆಗೋ ಎರವಲಾಗಿಯೋ ತಂದರೆ ಉತ್ತಮ. ಅದರೊಡನೆ ಮಾಪಕ ಸರಿಯಾಗಿ ಓದುತ್ತಿದೆಯೇ ಎಂದು ಪರೀಕ್ಷಿಸಲು 94 ಡೆಸಿಬಲ್‌ನ ಒಂದೇ ಸ್ವರ ಕೊಡುವ ಚಿಕ್ಕ ಕ್ಯಾಲಿಬ್ರೇಟರ್ ಇರಬೇಕು. ಅಳೆಯುವ ಮೊದಲು ಅದನ್ನು ಮೈಕಿಗೆ ತೊಡಿಸಿ ಓದಬೇಕು, ಮುಗಿದ ಮೇಲೆ ಮತ್ತೊಮ್ಮೆ ಓದಬೇಕು. ಎರಡು ಓದುಗಳ ನಡುವೆ ಅರ್ಧ ಡೆಸಿಬಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಾವು ಆ ಹೊತ್ತಿನ ಅಳತೆಯನ್ನೇ ಕೈಬಿಡುತ್ತೇವೆ. ಫೋನುಗಳ ಮೈಕು ಮಾತಿಗಾಗಿ ಮಾಡಿದ್ದು. ಒಂದು ಫೋನಿನಿಂದ ಇನ್ನೊಂದಕ್ಕೆ ಅಂಕಿ ಬದಲಾಗುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಮೊದಲೂ ಆಮೇಲೂ ಅದೇ ಫೋನು, ಅದೇ ಆ್ಯಪ್ ಬಳಸಿ ಅಂತರವನ್ನಷ್ಟೇ ನಂಬಿ. ಸೆಟ್ಟಿಂಗ್‌ನಲ್ಲಿ ಕಿವಿಯ ಗ್ರಹಿಕೆಗೆ ಹೊಂದಿಸಿದ 'ಎ' ತೂಕವೇ ಇರಲಿ.

ಸ್ಥಳ ಯಾವುದೆಂದರೆ, ತಂದೆಯವರ ಕಿಟಕಿಯ ಹೊರಗೆ ಗೋಡೆಯಿಂದ ಒಂದು ಮೀಟರ್ ದೂರದಲ್ಲಿ, ನೆಲದಿಂದ 1.2ರಿಂದ 1.5 ಮೀಟರ್ ಎತ್ತರದಲ್ಲಿ, ಸ್ಟ್ಯಾಂಡಿನ ಮೇಲೆ. ಗೋಡೆಗೆ ಬಡಿದು ಮರಳುವ ಸದ್ದಿನಿಂದಾಗಿ ಅಲ್ಲಿ ಬಯಲಿನ ಅಳತೆಗಿಂತ ಸುಮಾರು 3 ಡೆಸಿಬಲ್ ಹೆಚ್ಚು ಬರುತ್ತದೆಯಾದ್ದರಿಂದ, ಗೋಡೆಯ ಪಕ್ಕ ಅಳೆದದ್ದೆಂದು ತಪ್ಪದೆ ಬರೆಯಿರಿ. ಸ್ಟ್ಯಾಂಡಿನ ಕಾಲುಗಳು ಊರಿದ ಜಾಗಕ್ಕೆ ಬಣ್ಣದ ಗುರುತು ಹಾಕಿಟ್ಟರೆ ಕೆಲಸ ಶುರುವಾದ ಮೇಲೆ ಅಲ್ಲಿಗೇ ಮರಳಬಹುದು. ಬೆಳಿಗ್ಗೆ, ನಡು ಹಗಲು, ತಂದೆಯವರು ಮಲಗುವ ಮಧ್ಯಾಹ್ನದ ಹೊತ್ತು, ಸಂಜೆ, ರಾತ್ರಿ ಹತ್ತರ ನಂತರ ಹೀಗೆ ಅಳೆಯಿರಿ. ಕನಿಷ್ಠ ಎರಡು ಕೆಲಸದ ದಿನ ಮತ್ತು ಒಂದು ಭಾನುವಾರ ಸೇರಿರಲಿ.

ಜೊತೆಗೊಂದು ನೋಟ್‌ಬುಕ್ ಇರಲಿ. ನನ್ನ ಮಟ್ಟಿಗೆ ಮಾಪಕಕ್ಕಿಂತ ಇದೇ ಮುಖ್ಯ. "7.05 ಪಾಲಿಕೆಯ ಕಸದ ಗಾಡಿಯ ಹಾಡು, 7.09 ಸೊಪ್ಪಿನವರ ಗಾಡಿಯ ಮೈಕು, 7.12 ಎದುರುಮನೆಯ ಸಂಪಿನ ಮೋಟಾರ್" ಎಂಬಂತೆ ಕೇಳಿದ್ದನ್ನೆಲ್ಲ ಗಡಿಯಾರ ನೋಡಿ ಬರೆಯಬೇಕು. ದಿನವೂ ಬರುವ ಕಸದ ಗಾಡಿ ನಿಮ್ಮ ಬೀದಿಯ ಭಾಗವೇ, ಅದನ್ನು ತೆಗೆಯಬಾರದು. ಒಂದೇ ದಿನ ಬಂದ ಮದುವೆಯ ಬ್ಯಾಂಡಿದ್ದರೆ ಆ ಅಳತೆಯನ್ನು ಬದಿಗಿಟ್ಟು ಮತ್ತೊಮ್ಮೆ ಅಳೆಯಬೇಕು.

ಉತ್ತರ 2: ತುರುವನೂರು ರಸ್ತೆ, ಚಿತ್ರದುರ್ಗ

ಮೇಲಿನವರು ಹೇಳಿದ್ದಕ್ಕೆ ನನ್ನ ಸೋಲಿನ ಅನುಭವವೊಂದನ್ನು ಸೇರಿಸುತ್ತೇನೆ. ನಮ್ಮ ಪಕ್ಕದಲ್ಲಿ ಪಾಯ ತೆಗೆಯುವಾಗ ನಾಲ್ಕಡಿಗೇ ಬಂಡೆ ಸಿಕ್ಕಿತು. ಟ್ರ್ಯಾಕ್ಟರ್ ಕಂಪ್ರೆಸರ್ ತಂದು ಕುಳಿ ಕೊರೆದರು, ಆಮೇಲೆ ಹಿಟಾಚಿಗೆ ಬ್ರೇಕರ್ ಕಟ್ಟಿ ಒಡೆದರು. ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಗಿಣಿಗುಡುತ್ತ ಶೆಲ್ಫಿನ ಅಂಚಿಗೆ ಸರಿಯುತ್ತಿದ್ದವು. ನಾನು ಜಾಣನಂತೆ ಮೊದಲೇ ಅಳೆದಿಟ್ಟಿದ್ದೆ. ಆದರೆ ಅಳೆದದ್ದು ಆಷಾಢದಲ್ಲಿ.

ಜೋಗಿಮಟ್ಟಿಯ ಕಡೆ ಗಾಳಿಯಂತ್ರ ನೆಟ್ಟಿರುವ ಊರಿನಲ್ಲಿ ಆಷಾಢದ ಗಾಳಿ ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ. ಹಿತ್ತಲ ತೆಂಗಿನ ಗರಿಗಳ ಸದ್ದು, ಬರಿ ಮೈಕಿಗೆ ನೇರವಾಗಿ ಹೊಡೆಯುವ ಗಾಳಿಯ ಗುಂಯ್‌ಗುಡುವಿಕೆ ಎಲ್ಲ ಸೇರಿ ನನ್ನ ಪಟ್ಟಿಯಲ್ಲಿ ಹಗಲಿನ ಮಟ್ಟ 59 ಎಂದಿತ್ತು. ಗಾಳಿ ನಿಂತ ಮೇಲೆ ಬ್ರೇಕರ್ ನಿವೇಶನದ ಆ ತುದಿಯಲ್ಲಿದ್ದಾಗ ಅಳೆದರೆ 62 ಬಂತು. ಕಟ್ಟಡದವರು ನನ್ನದೇ ಕಾಗದವನ್ನು ನನಗೆ ತೋರಿಸಿ, ನಮ್ಮಿಂದ ಹೆಚ್ಚಿದ್ದು ಬರೀ 3 ಎಂದರು. ಮೊದಲಿನ 59 ನಿಜವಾಗಿದ್ದರೆ ಲೆಕ್ಕದ ಪ್ರಕಾರ ಕೆಲಸದ್ದೇ ಆದ ಶಬ್ದವೂ 59 ಎಂದಾಗುತ್ತಿತ್ತು, ಅಂದರೆ ಇದ್ದಷ್ಟೇ ಇನ್ನೊಂದು ಪಾಲು (ಶಬ್ದದ ಶಕ್ತಿ ಇಮ್ಮಡಿಯಾದರೆ ಮಟ್ಟ ಏರುವುದು ಸುಮಾರು 3 ಡೆಸಿಬಲ್ ಮಾತ್ರ). ಬೀದಿ ನಿಜಕ್ಕೂ 50ರ ಒಳಗಿದ್ದದ್ದರಿಂದ ಆ 62 ಹೆಚ್ಚುಕಡಿಮೆ ಪೂರ್ತಿಯಾಗಿ ಅವರದೇ. ಇದನ್ನು ನಾನು ಯಾರಿಗೂ ಒಪ್ಪಿಸಲಾಗಲಿಲ್ಲ.

ಆದ್ದರಿಂದ ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್ ಮೀರಿದಾಗ ಅಳೆಯಲೇಬೇಡಿ, ಮೈಕಿಗೆ ಸ್ಪಂಜಿನ ಟೊಪ್ಪಿಗೆ ಇಲ್ಲದೆ ಎಂದೂ ಅಳೆಯಬೇಡಿ. ಮಳೆ ಬಂದಾಗಲೂ, ರಸ್ತೆ ಒದ್ದೆಯಾಗಿ ಟೈರಿನ ಸದ್ದು ಹೆಚ್ಚಿದ್ದಾಗಲೂ ಅಷ್ಟೆ. ಹತ್ತಿರದಲ್ಲಿ ಶಾಲೆಯಿದ್ದರೆ ಬೇಸಿಗೆ ರಜೆಯ ಅಳತೆಯನ್ನು ಜೂನ್ ತಿಂಗಳ ಕೆಲಸಕ್ಕೆ ಹೋಲಿಸಬೇಡಿ. ಹಾಗೆ ಮಾಡಿದರೆ ತಪ್ಪು ನಿಮ್ಮ ಕಡೆಗೇ ವಾಲಿದಂತಾಗುತ್ತದೆ.

ಉತ್ತರ 3: ವಕೀಲರು, ದಾವಣಗೆರೆ

ಈ ಚರ್ಚೆಯಲ್ಲಿ ಎರಡು ಬೇರೆ ಹೋಲಿಕೆಗಳು ಕಲಸಿಹೋಗುವ ಸಂಭವವಿದೆ. 2000ದ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲಿಗೆ 55, ರಾತ್ರಿಗೆ 45 ಡೆಸಿಬಲ್; ವಾಣಿಜ್ಯ ಪ್ರದೇಶಕ್ಕೆ ಕ್ರಮವಾಗಿ 65 ಮತ್ತು 55. ಹಗಲೆಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಈ ಮಿತಿಯನ್ನು 10 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚು ಮೀರಿದಾಗ, ಇಲ್ಲವೇ ರಾತ್ರಿಯ ನಿರ್ಬಂಧಗಳ ಉಲ್ಲಂಘನೆಯಾದಾಗ ನಾಗರಿಕರು ಪ್ರಾಧಿಕಾರಕ್ಕೆ ದೂರು ಕೊಡಬಹುದು. ಗಮನಿಸಬೇಕಾದ್ದೆಂದರೆ ಆ 10 ಡೆಸಿಬಲ್ ಲೆಕ್ಕ ನಿಯಮದ ಮಿತಿಯ ಮೇಲಿನದೇ ಹೊರತು ನೀವು ಅಳೆದಿಟ್ಟ ಹಳೆಯ ಮಟ್ಟದ ಮೇಲಿನದಲ್ಲ. ನಿಮ್ಮ ಹಳೆಯ ಅಳತೆಗೆ ಇರುವ ಬೆಲೆ ಬೇರೆ: ಮಿತಿ ಮೀರಿದ್ದಕ್ಕೆ ಕಾರಣ ರಸ್ತೆಯಲ್ಲ, ಈ ಕೆಲಸ ಎಂಬುದನ್ನು ಅದು ತೋರಿಸುತ್ತದೆ.

ಇನ್ನೊಂದು ತೊಡಕಿದೆ. ನಿಯಮದ ಮಟ್ಟ ಇಡೀ ಹಗಲಿನ ಸರಾಸರಿಗೆ ಸಂಬಂಧಿಸಿದ್ದು, ಹದಿನೈದು ನಿಮಿಷದ್ದಲ್ಲ. ಬ್ರೇಕರ್ ನಾಲ್ಕು ಗಂಟೆ 72ರಲ್ಲಿ ಬಡಿದು ಉಳಿದ ಹನ್ನೆರಡು ಗಂಟೆ ಬೀದಿ 50ರಲ್ಲಿದ್ದರೂ ಹದಿನಾರು ಗಂಟೆಯ ಎಲ್‌ಇಕ್ಯೂ ಸುಮಾರು 66 ಆಗುತ್ತದೆ. ಅಂದರೆ ದೂರಿಗೆ ಸಾಕು. ಆದರೆ ಬ್ರೇಕರ್ ಎಷ್ಟು ಗಂಟೆ ಓಡಿತೆಂಬ ಟಿಪ್ಪಣಿ ನಿಮ್ಮಲ್ಲಿರಬೇಕು. ರಾತ್ರಿಯ ವಿಷಯ ಸರಳ: 2010ರ ತಿದ್ದುಪಡಿಯಂತೆ ವಸತಿ ಪ್ರದೇಶದಲ್ಲಿ ರಾತ್ರಿ ವೇಳೆ ಸದ್ದು ಮಾಡುವ ನಿರ್ಮಾಣ ಯಂತ್ರಗಳನ್ನು ಬಳಸುವಂತೆಯೇ ಇಲ್ಲ.

ಕೆಲಸಕ್ಕೆ ಮುನ್ನ ಶಬ್ದ ಅಳೆಯುವುದು ಕಟ್ಟುವವರದೇ ಹೊಣೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳು 2006ರ ಅಧಿಸೂಚನೆಯಂತೆ ಪರಿಸರ ಅನುಮತಿ ಪಡೆಯಬೇಕಾಗಿದ್ದು, ಅಂಥ ಕಡೆ ಸುತ್ತಲಿನ ಶಬ್ದದ ವಿವರವೂ ಅರ್ಜಿಯೊಳಗೆ ಬರುತ್ತದೆ. ಎರಡು ನಿವೇಶನದ ನಾಲ್ಕಂತಸ್ತು ಅದರ ಹತ್ತಿರಕ್ಕೂ ಬರುವುದಿಲ್ಲ. ನೀವೇ ಅಳೆಯಬೇಕು.

ಉತ್ತರ 4: ಕಟ್ಟಡ ಗುತ್ತಿಗೆದಾರ

ನಾನು ಎದುರು ಪಕ್ಷದವನು, ಆದರೂ ಹೇಳುತ್ತೇನೆ. ಅಳತೆಯ ಒಂದು ಪ್ರತಿಯನ್ನು ಭೂಮಿಪೂಜೆಗೆ ಮೊದಲೇ ನಮಗೆ ಕೊಟ್ಟುಬಿಡಿ. ಸಾಧ್ಯವಾದರೆ ಒಂದು ಹೊತ್ತಿನ ಅಳತೆಗೆ ನಮ್ಮ ಸೂಪರ್‌ವೈಸರ್‌ನನ್ನೂ ಕರೆದು ನಿಲ್ಲಿಸಿಕೊಂಡು ಸಹಿ ಪಡೆಯಿರಿ. ಜಗಳ ಶುರುವಾದ ಮೇಲೆ ಹೊರತೆಗೆದ ಕಾಗದವನ್ನು ನಮ್ಮವರು ಯಾರೂ ನಂಬುವುದಿಲ್ಲ. ಮೊದಲೇ ತಿಳಿದಿದ್ದರೆ ಕಂಪ್ರೆಸರನ್ನು ನಿವೇಶನದ ಆ ತುದಿಗೆ ಇಡಿಸಬಹುದು. ಬಯಲಿನಲ್ಲಿ ದೂರ ಎರಡರಷ್ಟಾದರೆ 6 ಡೆಸಿಬಲ್ ಇಳಿಯುತ್ತದೆ ಎನ್ನುತ್ತಾರೆ. ಗೋಡೆಗಳ ನಡುವೆ ಅಷ್ಟು ಇಳಿಯದಿದ್ದರೂ ಕಿವಿಗೆ ಗೊತ್ತಾಗುವಷ್ಟು ಇಳಿಯುತ್ತದೆ. ಟೈಲ್ಸ್ ಕತ್ತರಿಸುವುದನ್ನು ಟೆರೇಸಿನ ಮೇಲೆ ಮಾಡಿಸದೆ ಗೋಡೆ ಕಟ್ಟಿದ ಕೋಣೆಯೊಳಗೆ ಮಾಡಿಸಬಹುದು. ಬ್ರೇಕರ್‌ಗೆ ಮಾತ್ರ ನಮ್ಮಲ್ಲಿ ಉಪಾಯವಿಲ್ಲ. ಹಿರಿಯರು ಯಾವ ಹೊತ್ತಿಗೆ ಮಲಗುತ್ತಾರೆಂದು ಹೇಳಿದರೆ ಆ ಎರಡು ಗಂಟೆ ನಿಲ್ಲಿಸಬಹುದು, ಅಷ್ಟೆ.

ಮರುಪ್ರತಿಕ್ರಿಯೆ: ನಿಟುವಳ್ಳಿ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಇಂಜಿನಿಯರಿಂಗ್ ಓದಿಸುವ ಸ್ನೇಹಿತರೊಬ್ಬರಿಂದ 2ನೇ ವರ್ಗದ ಮಾಪಕವೂ ಕ್ಯಾಲಿಬ್ರೇಟರೂ ಒಂದು ವಾರಕ್ಕೆ ಸಿಕ್ಕಿವೆ. ನಿನ್ನೆ ಮತ್ತು ಇಂದು ಅಳೆದೆ. ನಿನ್ನೆ ಬೆಳಿಗ್ಗೆ 11ಕ್ಕೆ ಎಲ್‌ಇಕ್ಯೂ 57, ಎಲ್90 49, ಮಧ್ಯಾಹ್ನ 2.30ಕ್ಕೆ 50 ಮತ್ತು 43, ರಾತ್ರಿ 10.30ಕ್ಕೆ 44 ಮತ್ತು 38. ಬೆಳಗಿನ ಹೊತ್ತಿಗೆ ನಮ್ಮ ಬೀದಿ ಕೆಲಸ ಶುರುವಾಗುವ ಮುನ್ನವೇ ವಸತಿ ಮಿತಿಗಿಂತ ಮೇಲಿದೆಯೆಂಬುದು ನನಗೇ ಹೊಸ ಸಂಗತಿ. ಮೇಸ್ತ್ರಿಯವರ ಮಾತಿನಲ್ಲೂ ಸ್ವಲ್ಪ ಹುರುಳಿತ್ತು. ಅಳತೆ ಗೋಡೆಯ ಪಕ್ಕದ್ದಾದ್ದರಿಂದ 3 ಕಳೆದರೆ 54 ಎಂದಾಗುತ್ತದೆಯೇ ಎಂಬ ಪ್ರಶ್ನೆಯೂ ಬಂತು. ಈಗಿರುವಂತೆಯೇ 'ಗೋಡೆಯಿಂದ 1 ಮೀಟರ್' ಎಂದು ಬರೆದಿಟ್ಟಿದ್ದೇನೆ.

ಇಂದು ಸಂಜೆಯ ಅಳತೆ ಹಾಳಾಯಿತು. ಹತ್ತನೇ ನಿಮಿಷದಲ್ಲಿ ನಮ್ಮ ತಂದೆಯವರೇ ಕಿಟಕಿ ತೆರೆದು, ಸ್ಟ್ಯಾಂಡಿನ ಮೇಲಿನ ಸ್ಪಂಜಿನ ಉಂಡೆಯನ್ನು ನೋಡಿ, "ಇದೇನೋ ಇದು, ಯಾರ ಮೈಕು?" ಎಂದು ಗಟ್ಟಿಯಾಗಿ ಕೇಳಿದರು. 78 ಡೆಸಿಬಲ್. ನೋಟ್‌ಬುಕ್ಕಿನಲ್ಲಿ ಸಮಯ ಸಹಿತ ದಾಖಲಿಸಿದ್ದೇನೆ. ನಾಳೆ ಸಂಜೆ ಅದೊಂದನ್ನು ಮತ್ತೆ ಅಳೆದು, ಭಾನುವಾರದ್ದನ್ನೂ ಮುಗಿಸಿ, ಸೋಮವಾರ ಪಕ್ಕದ ನಿವೇಶನದವರಿಗೆ ಪ್ರತಿ ಕೊಡುತ್ತೇನೆ. ಇಲ್ಲಿ ಗುತ್ತಿಗೆದಾರರು ಹೇಳಿದಂತೆ ಪಕ್ಕದ ನಿವೇಶನದ ಸೂಪರ್‌ವೈಸರ್‌ಗೆ ಫೋನು ಮಾಡಿದ್ದೆ. ಭಾನುವಾರ ಹನ್ನೊಂದಕ್ಕೆ ಬಂದು ಜೊತೆಗೆ ನಿಲ್ಲುತ್ತೇನೆ ಎಂದಿದ್ದಾರೆ.